ಮರುಚುನಾವಣೆಯ ಕಚೇರಿ ಎಲ್ಲಿರಬೇಕು?



ಅಧ್ಯಕ್ಷರ ಔತಣಕೂಟಕ್ಕೆ ಚೆಕ್ಕು ಕೊಟ್ಟು ಫೋಟೋ ತೆಗೆಸಿಕೊಂಡು ಬರುವವರು ನಮ್ಮಲ್ಲೂ ಇದ್ದಾರೆ; ನನ್ನಂಥ ಡಾಕ್ಟರುಗಳೇ ಹೆಚ್ಚು. ಬಂದವರು ಪ್ರಚಾರದ ವ್ಯವಸ್ಥೆ ಎಷ್ಟು ಅಚ್ಚುಕಟ್ಟು ಎಂದು ಹೊಗಳುತ್ತಾರೆ. ಆ ಅಚ್ಚುಕಟ್ಟೇ ನನಗೆ ಭಯ.

1972ರ ಮರುಚುನಾವಣೆಗೆ ನಿಕ್ಸನ್ ಪಕ್ಷವನ್ನು ಬದಿಗಿಟ್ಟು ಬೇರೆಯೇ ಸಮಿತಿ ಕಟ್ಟಿಸಿದರು. ಕಚೇರಿ ಶ್ವೇತಭವನದ ಕೂಗಳತೆಯಲ್ಲಿ. ಅದನ್ನು ನಡೆಸಲು ಅಟಾರ್ನಿ ಜನರಲ್ ಮಿಚೆಲ್ ರಾಜೀನಾಮೆ ಕೊಟ್ಟು ಬಂದರು; ಹಣ ಎತ್ತಲು ವಾಣಿಜ್ಯ ಮಂತ್ರಿ ಸ್ಟ್ಯಾನ್ಸ್. ನಿನ್ನೆಯವರೆಗೆ ದೇಶದ ಕಾನೂನು ಕಾಯುತ್ತಿದ್ದವರು! ಜೂನ್ 17ರಂದು ವಾಟರ್‌ಗೇಟ್‌ನಲ್ಲಿ ಸಿಕ್ಕಿಬಿದ್ದ ಐವರಲ್ಲಿ ಒಬ್ಬ ಆ ಸಮಿತಿಯ ಭದ್ರತೆ ನೋಡಿಕೊಳ್ಳುತ್ತಿದ್ದವನೇ. ಅಗತ್ಯವಾದರೂ ಏನಿತ್ತು? ನವೆಂಬರಿನಲ್ಲಿ ಗೆದ್ದದ್ದು 49 ರಾಜ್ಯ.

ನಮ್ಮ ದೇಶದ್ದೂ ನೆನಪಿರಲಿ. ಸರ್ಕಾರಿ ಅಧಿಕಾರಿಯಿಂದ ಚುನಾವಣೆ ಕೆಲಸ ಮಾಡಿಸಿದ್ದಕ್ಕೆ, ಸರ್ಕಾರಿ ನೌಕರರಿಂದ ವೇದಿಕೆ ಕಟ್ಟಿಸಿದ್ದಕ್ಕೆ, 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಇಂದಿರಾ ಗಾಂಧಿಯವರ ರಾಯಬರೇಲಿ ಆಯ್ಕೆಯನ್ನು ರದ್ದು ಮಾಡಿತು. "ಇಷ್ಟಕ್ಕೇನಾ?" ಎಂದು ನಕ್ಕವರಿದ್ದರು. ಹದಿಮೂರೇ ದಿನಕ್ಕೆ ತುರ್ತುಪರಿಸ್ಥಿತಿ ಬಂತು. (1978ರಲ್ಲಿ ಅವರನ್ನು ಚಿಕ್ಕಮಗಳೂರಿನಿಂದ ಗೆಲ್ಲಿಸಿ ಕಳಿಸಿದವರೂ ನಾವೇ, ಇರಲಿ.)

ಅಮೆರಿಕದ 1939ರ ಹ್ಯಾಚ್ ಕಾಯ್ದೆ ಕೇಂದ್ರ ನೌಕರರನ್ನು ಕಟ್ಟಿಹಾಕುತ್ತದೆ. ಅಧ್ಯಕ್ಷರಿಗೆ ಮಾತ್ರ ಅನ್ವಯಿಸುವುದಿಲ್ಲ. ರೋಗ ಇರುವುದೇ ಅಲ್ಲಿ, ಔಷಧಿ ಬೇರೆಯವರಿಗೆ! 2011ರಲ್ಲಿ ಒಬಾಮಾ ತಮ್ಮ ಪ್ರಚಾರ ಕಚೇರಿಯನ್ನು ಷಿಕಾಗೋದಲ್ಲಿ ತೆರೆದರು. ದೂರವಿದ್ದರೆ ಎಲ್ಲ ಶುದ್ಧವೆಂದಲ್ಲ. ಆದರೆ ಶ್ವೇತಭವನದವರು ಬೆಳಗಿನ ಕಾಫಿಗೆ ಅಲ್ಲಿಗೆ ನಡೆದುಹೋಗುವಂತಿಲ್ಲ.

ಪಕ್ಷ ಯಾವುದೇ ಇರಲಿ, ಮುಂದೆ ಚೆಕ್ಕು ಬರೆಯುವ ಮೊದಲು ಕೇಳಿ: ಈ ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಸರ್ಕಾರಿ ಸಂಬಳ ಬಿಟ್ಟದ್ದು ಯಾವತ್ತು? ಉತ್ತರ ಬರದಿದ್ದರೆ ಫೋಟೋ ಬೇಡ.