ಹೆರಿಗೆ ಕೋಣೆಯ ಬಾಗಿಲಿಗೆ ಮುನ್ನ

ಕೂಸು ಹುಟ್ಟಿತೆಂಬ ಸುದ್ದಿ ಬಂದೊಡನೆ ನೆರೆಹೊರೆಯವರು ಕೇಳುವ ಪ್ರಶ್ನೆ ಹಿಂದೆ ಒಂದೇ ಆಗಿತ್ತು: ಗಂಡೋ, ಹೆಣ್ಣೋ? ಈಗ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಸಹಜ ಹೆರಿಗೆಯೋ, ಆಪರೇಷನ್ನೋ? ಆಪರೇಷನ್ ಎಂಬ ಉತ್ತರ ಕೇಳಿದವರು ಒಮ್ಮೆ ನಿಟ್ಟುಸಿರು ಬಿಟ್ಟು, ತಪ್ಪು ಯಾರದೆಂದು ಹುಡುಕಲು ತೊಡಗುತ್ತಾರೆ. ಹಣದಾಸೆಯ ಡಾಕ್ಟರೆಂದು ಕೆಲವರು, ನೋವು ತಾಳದ ಈಗಿನ ಹುಡುಗಿಯರೆಂದು ಕೆಲವರು. ತೀರ್ಪು ಕೊಡುವ ಈ ಆತುರದಲ್ಲಿ ಯಾರಿಗೂ ಹೊಳೆಯದ ಸಂಗತಿಯೊಂದುಂಟು. ಹೆರಿಗೆ ಕೋಣೆಯಲ್ಲಿ ಕೆಲವೇ ನಿಮಿಷಗಳಲ್ಲಿ ಆಗುವ ಆ ನಿರ್ಧಾರದ ಕಾರಣಗಳು ಎಷ್ಟೋ ವೇಳೆ ತಿಂಗಳುಗಳ ಹಿಂದೆ, ಕೆಲವು ಸಲ ತಾಯಿಯ ಬಾಲ್ಯದಲ್ಲಿಯೇ, ಹುಟ್ಟಿಕೊಂಡಿರುತ್ತವೆ.

ಈ ಶಸ್ತ್ರಕ್ರಿಯೆಗೆ ರೋಮಿನ ಸೀಸರನ ಹೆಸರನ್ನು ಅಂಟಿಸಿದ ಕಥೆ ಜನಪ್ರಿಯವಾದರೂ ನಂಬಲರ್ಹವಲ್ಲ. ಸೀಸರನ ತಾಯಿ ಮಗ ದೊಡ್ಡವನಾಗಿ ದಂಡನಾಯಕನಾಗುವವರೆಗೂ ಬದುಕಿದ್ದಳು. ಆ ಕಾಲದಲ್ಲಾದರೋ ಹೊಟ್ಟೆ ಸೀಳಿ ಮಗುವನ್ನು ತೆಗೆಯುತ್ತಿದ್ದುದು ತಾಯಿ ಸತ್ತಾಗ ಅಥವಾ ಸಾಯುವಂತಿದ್ದಾಗ ಮಾತ್ರ. ಕೊಯ್ದ ಗರ್ಭಕೋಶವನ್ನು ಹೊಲಿಯಬೇಕೆಂಬ ಪದ್ಧತಿಯನ್ನು ಜರ್ಮನಿಯ ವೈದ್ಯ ಮ್ಯಾಕ್ಸ್ ಸೇಂಗರ್ ನೆಲೆಗೊಳಿಸಿದುದು 1882ರಲ್ಲಿ. ಅರಿವಳಿಕೆ, ರಕ್ತದಾನ, ಸೋಂಕು ತಡೆಯುವ ಔಷಧಗಳು ಒಂದೊಂದಾಗಿ ಜೊತೆಗೂಡಿ, ಮರಣದ ಬಾಗಿಲಾಗಿದ್ದ ಶಸ್ತ್ರಕ್ರಿಯೆ ಜೀವ ಉಳಿಸುವ ಬಾಗಿಲಾಯಿತು. ಆದುದರಿಂದ ಅದನ್ನು ಹಳಿಯುವುದು ಸರಿಯಲ್ಲ. ಅದು ಯಾರಿಗೆ, ಏಕೆ, ಯಾವಾಗ ಬೇಕು ಎಂಬುದೇ ಕೇಳಬೇಕಾದ ಪ್ರಶ್ನೆ.

ಅಂಕಿಗಳು ಈ ಪ್ರಶ್ನೆಗೆ ತೂಕ ಕೊಡುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2015-16ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ 23.6 ಸಿಸೇರಿಯನ್ ಆಗಿದ್ದವು. 2019-21ರ ಸಮೀಕ್ಷೆಯಲ್ಲಿ ಅವು 31.5ಕ್ಕೆ ಏರಿದವು. ಅದೇ ಸಮೀಕ್ಷೆಯಲ್ಲಿ ಇಡೀ ದೇಶದ ಪ್ರಮಾಣ 21.5, ಸರ್ಕಾರಿ ಆಸ್ಪತ್ರೆಗಳಲ್ಲಿ 14.3, ಖಾಸಗಿ ಆಸ್ಪತ್ರೆಗಳಲ್ಲಿ 47.4. ಒಂದು ಜನಸಮುದಾಯದಲ್ಲಿ ಈ ಪ್ರಮಾಣ ನೂರಕ್ಕೆ ಹತ್ತನ್ನು ದಾಟಿದ ಮೇಲೆ, ಅದು ಇನ್ನೂ ಹೆಚ್ಚಿದಷ್ಟೂ ತಾಯಿ-ಮಕ್ಕಳ ಮರಣ ಇಳಿಯುತ್ತದೆಂಬುದಕ್ಕೆ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬೇಡದವರಿಗೆ ಹೆಚ್ಚು ಆಗುತ್ತಿರುವ ನಾಡಿನಲ್ಲೇ, ಬೇಕಾದವರಿಗೆ ತಡವಾಗಿ ಸಿಗುವ ಊರುಗಳೂ ಇವೆ ಎಂಬುದು ಇದರ ವಿಪರ್ಯಾಸ.

ಅಂಥ ಊರುಗಳನ್ನು ಕಾಣಲು ಯಾದಗಿರಿಯ ಕಡೆಗೆ ಹೋಗಬೇಕು. ಭೀಮಾ ನದಿಯ ದಂಡೆಯ ಯಾದಗಿರಿ, ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಶಹಾಪುರ, ನಾಯಕ ಅರಸರ ಸುರಪುರ, ಈ ಮೂರು ತಾಲ್ಲೂಕುಗಳನ್ನು ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಡಿಸಿ 2009ರ ಡಿಸೆಂಬರಿನಲ್ಲಿ ಹೊಸ ಜಿಲ್ಲೆಯನ್ನು ರಚಿಸಲಾಯಿತು. ಕೃಷ್ಣೆಯ ಕಾಲುವೆ ನೀರು ಹರಿದ ಕಡೆ ಭತ್ತ ಬೆಳೆಯುತ್ತದೆ. ಹರಿಯದ ಕಡೆ ತೊಗರಿ, ಹತ್ತಿ, ಜೋಳ. ಮಳೆ ಕೈಕೊಟ್ಟ ವರ್ಷ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ, ಮುಂಬಯಿಗೋ, ಪುಣೆಗೋ ಗುಳೆ ಹೋಗುತ್ತವೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ತಲೆಯ ಮೇಲೆ ಇಟ್ಟಿಗೆ ಹೊರುವ ಬಸುರಿ ಹೆಂಗಸು ಈ ಸೀಮೆಯವಳಾಗಿರುವ ಸಂಭವ ಕಡಿಮೆಯೇನಲ್ಲ.

ಸುರಪುರ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಅವಳಿಗೆ ಹೆಸರು ಬೇಕಿಲ್ಲ, ಅಂಥವರು ಅನೇಕರು. ಮನೆಯಲ್ಲಿ ಗಂಡಸರು, ಹುಡುಗರು ಉಂಡ ಮೇಲೆ ಉಳಿದುದು ಅವಳ ಪಾಲು. ಬೆಳೆಯುವ ವಯಸ್ಸಿನಲ್ಲಿ ರೊಟ್ಟಿಯೇನೋ ಸಿಕ್ಕಿತು; ಬೇಳೆ ತೆಳ್ಳಗಾಯಿತು, ಹಾಲು-ಮೊಟ್ಟೆ ಹಬ್ಬದ ಮಾತಾಯಿತು. ಹದಿನೆಂಟು ತುಂಬುವ ಮೊದಲೇ ಮದುವೆ. ಕಾನೂನು ಒಪ್ಪದಿದ್ದರೂ ಇದು ನಿಂತಿಲ್ಲ: 2019-21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ನೂರು ಹೆಂಗಸರಲ್ಲಿ 21.3 ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು. ಮರುವರ್ಷವೇ ಹುಡುಗಿ ಬಸುರಿ. ಅವಳ ಎಲುಬುಗೂಡಿನ ಬೆಳವಣಿಗೆ ಇನ್ನೂ ಮುಗಿದಿಲ್ಲ. ಊಟ ಸಾಲದೆ ಎತ್ತರ ಕುಂಠಿತವಾದವಳ ಸೊಂಟದ ಎಲುಬಿನ ದಾರಿಯೂ ಕಿರಿದಾಗಿರುವ ಸಂಭವ ಹೆಚ್ಚು. ಆದುದರಿಂದಲೇ 140 ಸೆಂಟಿಮೀಟರಿಗಿಂತ ಗಿಡ್ಡಗಿರುವ ಗರ್ಭಿಣಿಯನ್ನು ಸರ್ಕಾರದ ವೈದ್ಯಕೀಯ ಸೂಚನೆಗಳು ಅಪಾಯದ ಪಟ್ಟಿಗೆ ಸೇರಿಸುತ್ತವೆ. ಅವಳ ಕೂಸು ಆ ದಾರಿಯಲ್ಲಿ ಇಳಿಯದೆ ನಿಂತರೆ ಶಸ್ತ್ರಕ್ರಿಯೆಯೊಂದೇ ಉಪಾಯ. ಹಾಗೆ ನೋಡಿದರೆ ಆ ಶಸ್ತ್ರಕ್ರಿಯೆಯ ಮೂಲ ಅವಳು ಹತ್ತು ವರ್ಷದವಳಿದ್ದಾಗಿನ ಊಟದ ತಟ್ಟೆಯಲ್ಲಿದೆ.

ಇದಕ್ಕೆ ಸೇರಿಕೊಳ್ಳುವುದು ರಕ್ತಹೀನತೆ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 7ಕ್ಕಿಂತ ಕಡಿಮೆಯಿದ್ದರೆ ತೀವ್ರ. ಅದೇ ಸಮೀಕ್ಷೆಯಂತೆ ಕರ್ನಾಟಕದ ನೂರು ಗರ್ಭಿಣಿಯರಲ್ಲಿ 45.7 ಮಂದಿ ರಕ್ತಹೀನರು. ಇಲ್ಲಿ ಒಂದು ವಿವೇಚನೆ ಅಗತ್ಯ. ರಕ್ತಹೀನತೆಯೇ ಸಿಸೇರಿಯನ್ನಿಗೆ ಕಾರಣವಲ್ಲ. ರಕ್ತ ಕಡಿಮೆಯೆಂದು ಯಾರೂ ಹೊಟ್ಟೆ ಕೊಯ್ಯುವುದಿಲ್ಲ. ಆದರೆ ದಿನ ತುಂಬದ ಹೆರಿಗೆ, ತೂಕ ಕಡಿಮೆಯ ಕೂಸು ಮುಂತಾದ ತೊಡಕುಗಳಿಗೆ ಅದು ದಾರಿ ಮಾಡಿಕೊಡುತ್ತದೆ. ಶಸ್ತ್ರಕ್ರಿಯೆ ಬೇಕಾದಾಗ ಅದನ್ನು ಹಲವು ಪಾಲು ಅಪಾಯಕರವನ್ನಾಗಿಸುತ್ತದೆ. ಸಹಜ ಹೆರಿಗೆಯಲ್ಲಿ ಸಾಮಾನ್ಯವಾಗಿ ಅರ್ಧ ಲೀಟರಿನವರೆಗೆ ಹೋಗುವ ರಕ್ತ ಸಿಸೇರಿಯನ್ನಿನಲ್ಲಿ ಒಂದು ಲೀಟರಿನವರೆಗೂ ಹೋಗಬಹುದು. ಪುಷ್ಟಳಾದ ಹೆಂಗಸು ಅದನ್ನು ತಾಳಿಕೊಳ್ಳುತ್ತಾಳೆ. ಮೊದಲೇ ರಕ್ತ ಬತ್ತಿದವಳಿಗೆ ಆ ನಷ್ಟವೇ ಜೀವಕ್ಕೆ ಎರವಾಗಬಹುದು.

ಮೂರನೆಯದು ರಕ್ತದ ಒತ್ತಡ. ಐದನೆಯ ತಿಂಗಳ ಅನಂತರ ಅದು 140/90ಕ್ಕೆ ಏರಿ, ಮುಖ-ಕೈ ಊದಿ, ತಲೆನೋವು, ಕಣ್ಣು ಮಂಜು ಕಾಣಿಸಿಕೊಂಡರೆ, ಹಳ್ಳಿಗರು ನಂಜೆನ್ನುವ ಸ್ಥಿತಿ ಅದೇ ಆಗಿರಬಹುದು. ಅಲಕ್ಷಿಸಿದರೆ ಸೆಳವು ಬಂದು ತಾಯಿ-ಕೂಸುಗಳಿಬ್ಬರ ಜೀವಕ್ಕೂ ಕುತ್ತು. ಬಾವು ಬಂದರೆ ಗಂಡುಮಗುವೆಂದು ನಗುತ್ತ ಕೂರುವ ಕಾಲ ಅದಲ್ಲ. ನಾಲ್ಕನೆಯದು ಗರ್ಭಕಾಲದ ಮಧುಮೇಹ. ಅದು ಕೂಸನ್ನು ಅತಿಯಾಗಿ ದಪ್ಪಗಾಗಿಸುತ್ತದೆ, ದಾರಿಯಲ್ಲಿ ಹೆಗಲು ಸಿಕ್ಕಿಕೊಳ್ಳುವಂತೆ ಮಾಡುತ್ತದೆ. ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಅನಂತರ ರಕ್ತ ಪರೀಕ್ಷಿಸುವ ಸುಲಭ ವಿಧಾನವಿದೆ. ಮೊದಲ ಭೇಟಿಯಲ್ಲಿ ಒಮ್ಮೆ, ಆರನೆಯ ತಿಂಗಳ ಸುಮಾರಿಗೆ ಇನ್ನೊಮ್ಮೆ.

ಈ ಕೊನೆಯದನ್ನು ಬಡವರ ಕೇರಿಯ ಮಾತೆಂದು ನಗರದ ಮನೆಗಳು ಕಡೆಗಣಿಸುವಂತಿಲ್ಲ. ಸುರಪುರದ ಹುಡುಗಿಯನ್ನು ಕಾಡುವುದು ಕೊರತೆ. ನಗರದ ಗೃಹಿಣಿಯನ್ನು ಕಾಡುವುದು ಹೆಚ್ಚಳ. ಮೂವತ್ತೈದು ದಾಟಿದ ಮೇಲೆ ಚೊಚ್ಚಲು, ಕೂತಲ್ಲಿಯೇ ಕೆಲಸ, ಏರುವ ತೂಕ, "ಇಬ್ಬರಿಗಾಗಿ ಉಣ್ಣಬೇಕು" ಎಂಬ ಒತ್ತಾಯ: ಇವೆಲ್ಲವೂ ಮಧುಮೇಹಕ್ಕೆ, ರಕ್ತದೊತ್ತಡಕ್ಕೆ, ಕೊನೆಗೆ ಶಸ್ತ್ರಕ್ರಿಯೆಗೆ ಹತ್ತಿರದ ದಾರಿಗಳು. ಇದಕ್ಕೆ ನಗರ ತಾನೇ ಸೇರಿಸಿಕೊಂಡ ಇನ್ನೊಂದು ಕಾರಣ ಮುಹೂರ್ತ. ಪಂಚಾಂಗ ನೋಡಿ, ಒಳ್ಳೆಯ ನಕ್ಷತ್ರದಲ್ಲಿ ಕೂಸನ್ನು ತೆಗೆಸಿಕೊಳ್ಳುವ ಕುಟುಂಬಗಳುಂಟು. ಮೂವತ್ತೊಂಬತ್ತು ವಾರ ತುಂಬುವ ಮೊದಲು ಕಾರಣವಿಲ್ಲದೆ ಹೊರತೆಗೆದ ಕೂಸಿಗೆ ಉಸಿರಾಟದ ತೊಂದರೆ ಹೆಚ್ಚೆಂಬುದನ್ನು ಅವರಿಗೆ ಯಾವ ಜ್ಯೋತಿಷಿ ಹೇಳಬೇಕು?

ಒಮ್ಮೆ ಆದ ಸಿಸೇರಿಯನ್ ಮುಂದಿನ ಹೆರಿಗೆಯ ಲೆಕ್ಕವನ್ನೂ ಬದಲಿಸುತ್ತದೆ. ಗರ್ಭಕೋಶದ ಮೇಲಿನ ಆ ಗಾಯದ ಗುರುತು ಮುಂದಿನ ಬಸಿರಿನಲ್ಲಿ ಬಿರಿಯುವ ಸಂಭವ ಅಲ್ಪವಾದರೂ ಇದ್ದೇ ಇದೆ. ಮಾಸು ಅದರ ಮೇಲೆಯೇ ಅಂಟಿಕೊಂಡು ಬೆಳೆದರೆ ಭಾರಿ ರಕ್ತಸ್ರಾವದ ಭಯ. ಶಸ್ತ್ರಕ್ರಿಯೆಗಳ ಸಂಖ್ಯೆ ಏರಿದಂತೆ ಈ ಭಯವೂ ಏರುತ್ತದೆ. ಮೊದಲನೆಯದು ಸಿಸೇರಿಯನ್ ಆದವರೆಲ್ಲರಿಗೂ ಎರಡನೆಯದೂ ಹಾಗೆಯೇ ಆಗಬೇಕೆಂಬ ನಿಯಮವಿಲ್ಲ. ತಕ್ಕ ಆಸ್ಪತ್ರೆಯಲ್ಲಿ, ತಕ್ಕವರನ್ನು ಆರಿಸಿ ಪ್ರಯತ್ನಿಸಿದಾಗ ನೂರಕ್ಕೆ 60ರಿಂದ 80 ಮಂದಿಗೆ ಸಹಜ ಹೆರಿಗೆಯೇ ಆಗುತ್ತದೆ. ಆದರೆ ಎರಡು ಬಸಿರುಗಳ ನಡುವೆ ಕನಿಷ್ಠ ಎರಡು ವರ್ಷವಾದರೂ ಬಿಡುವಿರಬೇಕು. ಮೊದಲನೆಯದು ಹೆಣ್ಣೆಂದು ಎರಡನೆಯದಕ್ಕೆ ಅವಸರಿಸುವ ಮನೆಗಳಲ್ಲಿ ಈ ಬಿಡುವೇ ದುರ್ಲಭ.

ಮತ್ತೆ ಆ ಹುಡುಗಿಯ ಕಡೆಗೆ ತಿರುಗಿದರೆ, ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಅವಳನ್ನು ತವರಿಗೆ ಕರೆದೊಯ್ಯುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಈ ರೂಢಿಯಲ್ಲಿ ಎಷ್ಟು ಅಂತಃಕರಣವಿದೆಯೋ ಅಷ್ಟೇ ಅಪಾಯವೂ ಅಡಗಿದೆ. ಹಸಿರು ಸೀರೆ, ಬಳೆ, ಸಿಹಿತಿಂಡಿ ಎಲ್ಲವೂ ಜೊತೆಗೆ ಹೋಗುತ್ತವೆ. ತಾಯಿ ಕಾರ್ಡು ಮಾತ್ರ ಗಂಡನ ಮನೆಯ ಗೂಡಿನಲ್ಲಿ ಉಳಿದುಬಿಡುತ್ತದೆ. ಅದರಲ್ಲಿ ಅವಳ ಎತ್ತರ, ತೂಕ, ಒತ್ತಡ, ರಕ್ತದ ಪ್ರಮಾಣ ಬರೆದಿರುತ್ತವೆ. ಅತ್ತೆಮನೆಯಲ್ಲಿ ಅವಳಿಗೆ ಬಂದ ಉಪದೇಶ ಒಂದೇ: "ಭಾಳ ಉಣಬ್ಯಾಡವ್ವಾ, ಕೂಸು ದಪ್ಪ ಆಗ್ತದ, ಹಡಿಲಿಕ್ಕ ತ್ರಾಸ ಆಗ್ತದ." ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಗಳು ಇದೇ ಕಾರಣಕ್ಕೆ ಹಾಗೆಯೇ ಉಳಿದವು. ಒಂದು ರಾತ್ರಿ ನೋವು ಬಂದಾಗ ಹಳ್ಳಿಯ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಯಾದಗಿರಿಗೆ, ರಕ್ತ ಸಿಗದಿದ್ದರೆ ಕಲಬುರಗಿಗೆ ಗಾಡಿ ಓಡುತ್ತದೆ. ಎದುರಿನ ಡಾಕ್ಟರಿಗೆ ಅವಳು ಅಪರಿಚಿತೆ, ಕೈಯಲ್ಲಿ ಕಾಗದವಿಲ್ಲ. ತಾಯಿ-ಕೂಸು ಇಬ್ಬರೂ ಉಳಿದರೆಂದು ಇಟ್ಟುಕೊಂಡರೂ, ಯೋಚಿಸಿ ಮಾಡಬೇಕಾದ ಶಸ್ತ್ರಕ್ರಿಯೆ ಗಾಬರಿಯಲ್ಲಿ ನಡೆದುಹೋಯಿತು.

ಎಲ್ಲ ಮನೆಗಳಿಗೂ ಆ ಅದೃಷ್ಟವಿರುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಮರಣಹೊಂದಿದಾಗ, ಸಂಶಯ ಹೋದದ್ದು ರಕ್ತನಾಳಕ್ಕೆ ಹನಿಸಿದ ದ್ರಾವಣದ ಮೇಲೆ. ಅನಂತರ ರಾಜ್ಯ ಸರ್ಕಾರ ಆ ವರ್ಷದ ಏಪ್ರಿಲಿನಿಂದ ಡಿಸೆಂಬರಿನವರೆಗಿನ 464 ತಾಯಂದಿರ ಮರಣಗಳನ್ನು ಪರಿಶೀಲಿಸಿತು. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮರಣಗಳು ತಡೆಯಬಹುದಾಗಿದ್ದವೆಂಬುದು ಅದರಿಂದ ಹೊರಬಂದ ಮಾತು. ತಡೆಯುವ ಹೊಣೆಯಲ್ಲಿ ಔಷಧದ ಗುಣಮಟ್ಟ ನೋಡಬೇಕಾದವರದು ಒಂದು ಪಾಲು, ಆಸ್ಪತ್ರೆಯದು ಒಂದು ಪಾಲು, ಮನೆಯದು ಇನ್ನೊಂದು ಪಾಲು.

ಮನೆಯ ಪಾಲು ದೊಡ್ಡದಾದರೂ ದುಬಾರಿಯಲ್ಲ. ಕಬ್ಬಿಣದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ಕಡಿಮೆಯೆಂದರೆ 180 ದಿನ ತಪ್ಪದೆ ಕೊಡುವುದು. ಅದರ ಹಿಂದೆಯೇ ಚಹಾ ಕೊಡದೆ ನಿಂಬೆಹಣ್ಣಿನ ರಸ ಕೊಡುವುದು. ಸುಣ್ಣದ ಅಂಶದ ಮಾತ್ರೆಯನ್ನು ಬೇರೆ ಹೊತ್ತಿಗೆ ಕೊಡುವುದು. ಜೋಳದ ರೊಟ್ಟಿಯ ಜೊತೆಗೆ ಗಟ್ಟಿ ಬೇಳೆ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಆಗುವವರಿಗೆ ಮೊಟ್ಟೆ. 2017ರ ಅಕ್ಟೋಬರಿನಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಉದ್ದೇಶದಿಂದಲೇ ಬಂದುದು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರು ಉಚಿತವಾಗಿ ಪರೀಕ್ಷಿಸುವ ಏರ್ಪಾಡೂ ಉಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, 2011ರ ಕಾರ್ಯಕ್ರಮದಂತೆ ಉಚಿತ. ಹೆರಿಗೆ ಕೋಣೆಯಲ್ಲಿ ಪಕ್ಕದಲ್ಲಿ ತಾಯಿಯೋ ಅಕ್ಕನೋ ಕೈಹಿಡಿದು ಧೈರ್ಯ ಹೇಳುತ್ತಿದ್ದರೆ ಶಸ್ತ್ರಕ್ರಿಯೆಯ ಅಗತ್ಯವೇ ಕಡಿಮೆಯಾಗುತ್ತದೆಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಹಳೆಯ ಕಾಲದ ಅಜ್ಜಿಯರಿಗೆ ಈ ಮಾತು ಹೊಸದೇನಲ್ಲ.

ಡಾಕ್ಟರು ಶಸ್ತ್ರಕ್ರಿಯೆ ಬೇಕೆಂದಾಗ ಜಗಳವಾಡುವುದೂ ಬೇಡ, ಕಣ್ಣು ಮುಚ್ಚಿ ರುಜು ಹಾಕುವುದೂ ಬೇಡ. ಕಾರಣವೇನು, ಈಗಲೇ ಆಗಬೇಕೆ, ಕಾಯಬಹುದೆ ಎಂದು ಸಮಾಧಾನದಿಂದ ಕೇಳುವುದು ಮನೆಯವರ ಹಕ್ಕು. ಬಿಡಿಸಿ ಹೇಳುವುದು ಡಾಕ್ಟರ ಕರ್ತವ್ಯ. ಕಾರಣ ಸರಿಯಿದ್ದ ಮೇಲೆ ಆ ತಾಯಿಯನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಇನ್ನು ಕುಬಸದ ಬುತ್ತಿ ಕಟ್ಟುವ ಮನೆಗಳಲ್ಲಿ ಮಾಡಬೇಕಾದ ಸಣ್ಣ ಕೆಲಸವೊಂದಿದೆ. ಹಸಿರು ಸೀರೆಯ ಮಡಿಕೆಯಲ್ಲಿ ತಾಯಿ ಕಾರ್ಡನ್ನು ಇಟ್ಟು ಕಳುಹಿಸಲಿ. ತವರಿಗೆ ತಲುಪಿದ ಮೇಲೆ ಮೊದಲ ಬಾರಿಗೆ ಬರುವ 9ನೆಯ ತಾರೀಖನ್ನು ಮರೆಯದಿರಲಿ.