ಯಂತ್ರಕ್ಕೆ ಪಾಪವಿಲ್ಲ, ಯಜಮಾನನಿಗೆ ಹೊಣೆಯಿದೆ

ಕಾರ್ಖಾನೆಯೊಂದರಲ್ಲಿ ರೋಬೊಟ್ಟಿನ ತೋಳು ಬಡಿದು ಕಾರ್ಮಿಕನು ಕೈ ಕಳೆದುಕೊಂಡರೆ, ಅವನಿಗೆ ಸಲ್ಲಬೇಕಾದ ಪರಿಹಾರವನ್ನು ನಿರ್ಣಯಿಸುವುದು ಯಾವುದು? ಗಾಯದ ತೀವ್ರತೆ ಎಂದು ಸಾಮಾನ್ಯರು ಭಾವಿಸುತ್ತಾರೆ. ತಪ್ಪು ಮಾಡಿದವನ ತಪ್ಪಿನ ಪ್ರಮಾಣ ಎಂದು ವಿದ್ಯಾವಂತರು ಹೇಳುತ್ತಾರೆ. ಭಾರತದಲ್ಲಿ ಇಂದು ಅದನ್ನು ಮುಖ್ಯವಾಗಿ ನಿರ್ಣಯಿಸುವವು ಅವನ ಸಂಬಳದ ಚೀಟಿ, ಅವನ ವಯಸ್ಸು, ಮತ್ತು ಅವನ ಹೆಸರು ಯಾರ ಹಾಜರಿ ಪುಸ್ತಕದಲ್ಲಿದೆ ಎಂಬ ಸಂಗತಿ. ಆ ಯಂತ್ರದಿಂದ ಯಾರು ಎಷ್ಟು ಲಾಭ ಪಡೆದರು ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಲಾಭದ ಪುಟವನ್ನು ಮುಚ್ಚಿಟ್ಟು ನಷ್ಟದ ಪುಟವನ್ನು ಮಾತ್ರ ಬಡವನ ಮುಂದೆ ತೆರೆಯುವ ಲೆಕ್ಕವನ್ನು ಯಾವ ವರ್ತಕನೂ ಸರಿಯಾದ ಲೆಕ್ಕವೆಂದು ಒಪ್ಪಲಾರನು.

ಮೊದಲು ಹೆಸರಿನಿಂದ ಹುಟ್ಟಿದ ಭ್ರಮೆಯನ್ನು ಕಳೆಯಬೇಕು. ಕನ್ನಡದಲ್ಲಿ ರೋಬೊಟ್ಟಿಗೆ ‘ಯಂತ್ರಮಾನವ’ ಎಂಬ ಹೆಸರು ರೂಢಿಯಾಗಿದೆ. ಕಾರ್ಖಾನೆಯ ರೋಬೊಟ್ಟಿಗೆ ಮುಖವಿಲ್ಲ, ಮನಸ್ಸಿಲ್ಲ. ಅದು ಬೆಸುಗೆ ಹಾಕುವ ಅಥವಾ ತಗಡು ಎತ್ತಿಡುವ ಒಂದು ತೋಳು. ಆದರೂ ‘ರೋಬೊಟ್ ಕಾರ್ಮಿಕನನ್ನು ಕೊಂದಿತು’ ಎಂದು ವಾರ್ತೆ ಬರುತ್ತದೆ. ವಾಕ್ಯದಲ್ಲಿ ಕರ್ತೃಪದ ಬದಲಾದೊಡನೆ ಹೊಣೆಯೂ ಜಾರಿಹೋಗುತ್ತದೆ. ಕೊಡಲಿ ಕೊಂದಿತೆಂದು ಯಾರೂ ಹೇಳುವುದಿಲ್ಲ. ಕೊಡಲಿಗೆ ವಿದ್ಯುತ್ತನ್ನೂ ಗಣಕವನ್ನೂ ಜೋಡಿಸಿದ ಮಾತ್ರಕ್ಕೆ ಅದು ಕರ್ತೃವಾಗಲಾರದು.

2015ರ ಆಗಸ್ಟಿನಲ್ಲಿ ಹರಿಯಾಣದ ಮಾನೇಸರದ ಕಾರ್ಖಾನೆಯೊಂದರಲ್ಲಿ, ರೋಬೊಟ್ ಹಿಡಿದಿದ್ದ ತಗಡು ಸರಿದುದನ್ನು ಸರಿಪಡಿಸಲು ಹೋದ 24 ವರ್ಷದ ಕಾರ್ಮಿಕನು ಅದರ ತೋಳಿಗೆ ಸಿಕ್ಕಿ ಮೃತನಾದನೆಂದು ವರದಿಯಾಯಿತು. 2023ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ತರಕಾರಿ ಸಂಸ್ಕರಣ ಕೇಂದ್ರದಲ್ಲಿ, ಪೆಟ್ಟಿಗೆಗಳನ್ನು ಎತ್ತುವ ರೋಬೊಟ್ಟು ಅದರ ಸಂವೇದಕವನ್ನು ಪರೀಕ್ಷಿಸುತ್ತಿದ್ದ ಮನುಷ್ಯನನ್ನೇ ಹಿಡಿದು ಒತ್ತಿ ಕೊಂದಿತು. ಮನುಷ್ಯನಿಗೂ ಪೆಟ್ಟಿಗೆಗೂ ಅದಕ್ಕೆ ಭೇದ ತಿಳಿಯಲಿಲ್ಲ. ಎರಡು ಪ್ರಕರಣಗಳಲ್ಲಿಯೂ ಸಾಮ್ಯವಿದೆ. ಉತ್ಪಾದನೆ ಸುಗಮವಾಗಿ ಸಾಗುವಾಗ ಮನುಷ್ಯನು ಈ ತೋಳಿನ ಸಮೀಪ ಹೋಗುವುದೇ ಇಲ್ಲ. ವಸ್ತು ಸಿಕ್ಕಿಕೊಂಡಾಗ, ದುರಸ್ತಿ ಮಾಡುವಾಗ, ಹೊಸ ಕೆಲಸವನ್ನು ಯಂತ್ರಕ್ಕೆ ಕಲಿಸುವಾಗ ಹೋಗುತ್ತಾನೆ. ಆಗ ವಿದ್ಯುತ್ತನ್ನು ಪೂರ್ಣವಾಗಿ ಕಡಿದು ಬೀಗ ಹಾಕಬೇಕು. ಹಾಗೆ ಮಾಡಿದರೆ ಉತ್ಪಾದನೆ ನಿಲ್ಲುತ್ತದೆ. ನಿಲ್ಲಬಾರದೆಂಬ ಆತುರದಲ್ಲಿ ಜೀವ ಹೋಗುತ್ತದೆ. ಆ ಆತುರ ಯಂತ್ರದ್ದಲ್ಲ.

ಇನ್ನು ಪರಿಹಾರದ ಗಣಿತ. 1923ರ ಕಾಯಿದೆಯ ಸೂತ್ರವನ್ನೇ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಈ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಮರಣವಾದರೆ ಮಾಸಿಕ ವೇತನದ ಶೇ. 50ನ್ನು, ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಶೇ. 60ನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. 25 ವರ್ಷಕ್ಕೆ ಈ ಗುಣಕ 216.91. ಆದರೆ ವೇತನ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮೊತ್ತವನ್ನು ಕೇಂದ್ರ ಸರ್ಕಾರವು 2020ರ ಜನವರಿಯಲ್ಲಿ 15,000 ರೂ. ಎಂದು ಗೊತ್ತುಪಡಿಸಿತು. ಆ ಮಿತಿಯಂತೆ, ತಿಂಗಳಿಗೆ 25,000 ರೂ. ದುಡಿಯುವ 25 ವರ್ಷದ ಕಾರ್ಮಿಕನು ರೋಬೊಟ್ ಬಡಿದು ಸತ್ತರೆ ಅವನ ಕುಟುಂಬಕ್ಕೆ ದೊರೆಯುವುದು 16,26,825 ರೂ.

ಅದೇ ಕಾರ್ಮಿಕನು, ಹೆಂಡತಿ ಮತ್ತು ಒಂದು ಮಗುವನ್ನು ಬಿಟ್ಟು, ಕಾರ್ಖಾನೆಯ ಗೇಟಿನ ಹೊರಗೆ ಲಾರಿ ಬಡಿದು ಸತ್ತನೆಂದು ಭಾವಿಸಬಹುದು. ಮೋಟಾರು ಅಪಘಾತ ನ್ಯಾಯಮಂಡಳಿಯು ಸರ್ವೋಚ್ಚ ನ್ಯಾಯಾಲಯದ 2009ರ ಮತ್ತು 2017ರ ತೀರ್ಪುಗಳಂತೆ ನಿಜವಾದ ವೇತನವನ್ನೇ ಹಿಡಿಯುತ್ತದೆ. ನಿಗದಿತ ಸಂಬಳದವನಾದರೂ 40 ವರ್ಷದೊಳಗಿನವನಿಗೆ ಭವಿಷ್ಯದ ಏಳಿಗೆಗಾಗಿ ಶೇ. 40 ಸೇರಿಸುತ್ತದೆ, ಅವನ ಸ್ವಂತ ಖರ್ಚೆಂದು ಮೂರನೆಯ ಒಂದು ಭಾಗವನ್ನು ಕಳೆದು, ವಾರ್ಷಿಕ ಮೊತ್ತವನ್ನು 18ರಿಂದ ಗುಣಿಸುತ್ತದೆ. ಮೊತ್ತ 50,40,000 ರೂ. ಒಂದೇ ಜೀವ, ಒಂದೇ ವೇತನ, ಒಂದೇ ಅನಾಥ ಕುಟುಂಬ. ಗೇಟಿನ ಹೊರಗೆ ಒಂದು ಬೆಲೆ, ಒಳಗೆ ಅದರ ಮೂರನೆಯ ಒಂದು ಭಾಗಕ್ಕೂ ಕಡಿಮೆ ಬೆಲೆ.

ಲಾರಿಯ ಪ್ರಕರಣದಲ್ಲಿ ಚಾಲಕನ ನಿರ್ಲಕ್ಷ್ಯವನ್ನು ರುಜುವಾತುಪಡಿಸಬೇಕು, ಕಾರ್ಖಾನೆಯಲ್ಲಿ ಯಾರ ತಪ್ಪನ್ನೂ ತೋರಿಸಬೇಕಿಲ್ಲ, ಆದ್ದರಿಂದ ಮೊತ್ತ ಕಡಿಮೆಯಾಗುವುದು ಯುಕ್ತವೆಂದು ಮಾಲೀಕರ ಪರವಾಗಿ ವಾದಿಸಲಾಗುತ್ತದೆ. ಈ ವಾದಕ್ಕೆ 1923ರಲ್ಲಿ ಸ್ವಲ್ಪ ಬೆಲೆಯಿತ್ತು. ಇಂದಿನ ರೋಬೊಟ್ಟಿನ ಗಣಕವು ತೋಳಿನ ಚಲನೆ, ನಿಲುಗಡೆ ಮತ್ತು ದೋಷಗಳನ್ನು ತಾನೇ ದಾಖಲಿಸಿಡಬಲ್ಲದು. ಆ ದಾಖಲೆ ಮಾಲೀಕನ ಅಥವಾ ತಯಾರಕನ ವಶದಲ್ಲಿರುತ್ತದೆ. ಸಾಕ್ಷ್ಯವನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡು, ‘ನೀನು ಸಾಕ್ಷ್ಯ ಹೇಳಬೇಕಿಲ್ಲ, ಆದ್ದರಿಂದ ಕಡಿಮೆ ತೆಗೆದುಕೊ’ ಎಂದು ಹೇಳುವುದು ಉದಾರತೆಯಲ್ಲ.

ತಿಂಗಳಿಗೆ 21,000 ರೂ.ವರೆಗೆ ವೇತನವಿದ್ದು ಇ.ಎಸ್.ಐ. ಯೋಜನೆಗೆ ಸೇರಿದವರಿಗೆ ಒಟ್ಟು ಮೊತ್ತದ ಬದಲು ತಿಂಗಳ ಪಿಂಚಣಿ ದೊರೆಯುತ್ತದೆ, ಇದು ಒಳ್ಳೆಯದೇ. ಆದರೆ ಅಲ್ಲಿಯೂ ಅಳತೆಗೋಲು ವೇತನವೇ. ಹೆಬ್ಬೆರಳು ಹೋದರೆ ದುಡಿಮೆಯ ಸಾಮರ್ಥ್ಯ ಶೇ. 30ರಷ್ಟು ನಷ್ಟವಾಯಿತೆಂದು ಪಟ್ಟಿ ಹೇಳುತ್ತದೆ. 12,000 ರೂ. ವೇತನದವನಿಗೆ ತಿಂಗಳಿಗೆ ಸುಮಾರು 3,240 ರೂ., 20,000 ರೂ. ವೇತನದವನಿಗೆ ಸುಮಾರು 5,400 ರೂ. ಇಬ್ಬರ ಹೆಬ್ಬೆರಳನ್ನು ಕತ್ತರಿಸಿದುದು ಒಂದೇ ಯಂತ್ರ. ಜೊತೆಗೆ, ಈ ಯೋಜನೆಗೆ ಸೇರಿದವನು ಅದೇ ಗಾಯಕ್ಕಾಗಿ ಮಾಲೀಕನಿಂದ ಬೇರೆ ಪರಿಹಾರ ಕೇಳುವಂತಿಲ್ಲ.

ಹಾಗಾದರೆ ಯಂತ್ರದ ತಯಾರಕನನ್ನು ಕೇಳಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಅಮೆರಿಕದಲ್ಲಿ ಕೇಳಿದರು. 1979ರ ಜನವರಿ 25ರಂದು ಮಿಷಿಗನ್ ರಾಜ್ಯದ ಫ್ಲಾಟ್ ರಾಕಿನ ಫೋರ್ಡ್ ಎರಕದ ಕಾರ್ಖಾನೆಯಲ್ಲಿ, ಕಪಾಟಿನಿಂದ ಬಿಡಿಭಾಗ ತರಲು ಏರಿದ 25 ವರ್ಷದ ಕಾರ್ಮಿಕನ ತಲೆಗೆ ರೋಬೊಟ್ಟಿನ ತೋಳು ಬಡಿದು ಅವನು ಮೃತನಾದನು. ಕಾರ್ಮಿಕ ಪರಿಹಾರ ಕಾನೂನು ಮಾಲೀಕನ ಮೇಲಿನ ದಾವೆಗೆ ಅಡ್ಡ ಬರುವುದರಿಂದ ಕುಟುಂಬವು ತಯಾರಕ ಸಂಸ್ಥೆಯ ಮೇಲೆ ದಾವೆ ಹೂಡಿತು. 1983ರಲ್ಲಿ ಜ್ಯೂರಿಯು ಒಂದು ಕೋಟಿ ಡಾಲರ್ ಪರಿಹಾರವನ್ನು ಘೋಷಿಸಿತು. ಯಂತ್ರ ಸಮೀಪಿಸುವಾಗ ಎಚ್ಚರಿಸುವ ಸದ್ದಿನ ವ್ಯವಸ್ಥೆಯಂತಹ ಸುರಕ್ಷತಾ ಏರ್ಪಾಡುಗಳಿರಲಿಲ್ಲವೆಂಬುದು ಕುಟುಂಬದ ವಾದವಾಗಿತ್ತು.

ಭಾರತದಲ್ಲಿ ಈ ಬಾಗಿಲು ಕಿರಿದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಉತ್ಪನ್ನದ ತಯಾರಕನನ್ನು ಹೊಣೆಯಾಗಿಸಿತು. ಆದರೆ ಅದರ 87ನೆಯ ಕಲಮು, ಸಾಕಷ್ಟು ಎಚ್ಚರಿಕೆ ಕೊಡಲಿಲ್ಲವೆಂಬ ದಾವೆಯಲ್ಲಿ ಒಂದು ವಿನಾಯಿತಿಯನ್ನು ಇರಿಸಿದೆ. ಉದ್ಯೋಗದಾತನು ಕೆಲಸದ ಸ್ಥಳಕ್ಕಾಗಿ ಕೊಂಡ ಯಂತ್ರದ ಬಗ್ಗೆ ಆ ಉದ್ಯೋಗದಾತನಿಗೆ ಎಚ್ಚರಿಕೆ ಅಥವಾ ಸೂಚನೆ ಕೊಟ್ಟಿದ್ದರೆ ತಯಾರಕನು ಹೊಣೆಯಲ್ಲ. ಸೂಚನೆಯ ಪುಸ್ತಕವು ಮಾಲೀಕನ ಕಪಾಟನ್ನು ಸೇರಿದರೆ ಸಾಕು. ಅದು ಕಾರ್ಮಿಕನ ಕೈಗೆ, ಅವನು ಓದಬಲ್ಲ ಭಾಷೆಯಲ್ಲಿ, ತಲುಪಿತೇ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಹೀಗೆ ತಯಾರಕನು ಮಾಲೀಕನತ್ತ, ಮಾಲೀಕನು ಗುತ್ತಿಗೆದಾರನತ್ತ, ಗುತ್ತಿಗೆದಾರನು ಗಾಯಾಳುವಿನತ್ತ ಬೆರಳು ತೋರಿಸುತ್ತಾರೆ. ಬೆರಳು ಕಳೆದುಕೊಂಡವನಿಗೆ ತೋರಿಸಲು ಯಾರೂ ಉಳಿಯುವುದಿಲ್ಲ.

ಕಾರ್ಮಿಕನೇ ಬೇಲಿ ದಾಟಿ ಹೋದನೆಂಬುದು ಮತ್ತೊಂದು ವಾದ. ರಕ್ಷಣಾ ಸಾಧನವನ್ನು ಉದ್ದೇಶಪೂರ್ವಕವಾಗಿ ತೆಗೆದವನಿಗೆ, ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದ ಹೊರತು, ಪರಿಹಾರವಿಲ್ಲವೆಂದು ಕಾನೂನೂ ಹೇಳುತ್ತದೆ. ಆದರೆ ಪಾಳಿಯೊಂದಕ್ಕೆ ಇಷ್ಟು ಬಿಡಿಭಾಗಗಳು ಬರಲೇಬೇಕೆಂದು ಗುರಿಯಿಟ್ಟು, ತೆರೆದರೆ ಯಂತ್ರ ನಿಲ್ಲುವ ಬಾಗಿಲಿನ ಸಂಪರ್ಕವನ್ನು ಮೇಲ್ವಿಚಾರಕನ ಕಣ್ಣೆದುರಿನಲ್ಲೇ ತಪ್ಪಿಸಿದಾಗ, ಆ ‘ಉದ್ದೇಶ’ ಯಾರದು? ಪ್ರತಿದಿನ ಕಂಡೂ ತಡೆಯದವನು ಅಪಘಾತದ ದಿನ ಮಾತ್ರ ಅದನ್ನು ಅಪರಾಧವೆಂದು ಕರೆಯುವಂತಿಲ್ಲ.

ಇಲ್ಲಿ ಜೈನ ಶ್ರಾವಕರು ತಮ್ಮನ್ನೇ ಕೇಳಿಕೊಳ್ಳಬೇಕಾದುದಿದೆ. ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಅನಿವಾರ್ಯವೆಂಬ ಮಾತು ಉದ್ಯಮಿಗಳ ಬಾಯಲ್ಲಿ ಸುಲಭವಾಗಿ ಬರುತ್ತದೆ. ಶಾಸ್ತ್ರವು ಯತ್ನಪೂರ್ವಕ ನಡೆದರೂ ತಪ್ಪಿಸಲಾಗದ ಹಿಂಸೆಯನ್ನು ಗೃಹಸ್ಥನ ಮಟ್ಟಿಗೆ ಸಹಿಸಿಕೊಂಡಿತೇ ಹೊರತು, ಅದಕ್ಕೆ ಪರವಾನಗಿ ಕೊಡಲಿಲ್ಲ. ತೆಗೆದಿಟ್ಟ ರಕ್ಷಾಕವಚ ಅನಿವಾರ್ಯವಲ್ಲ, ಅದು ಪ್ರಮಾದ. ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ಯಂತ್ರವು ಮಾಡಿತೆಂದು ಒಪ್ಪಿದರೂ, ಮಾಡಿಸಿದವನು ಮತ್ತು ಕಂಡು ಸುಮ್ಮನಿದ್ದವನು ಲೆಕ್ಕದಿಂದ ಹೊರಗುಳಿಯುವುದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅಂಗಚ್ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವು ಮೂರು. ಮೀರಿದ ಗುರಿಯನ್ನು ಹೇರುವುದು ಅತಿಭಾರ. ಅದರ ಫಲ ಅಂಗಚ್ಛೇದ. ಪರಿಹಾರವನ್ನು ವರ್ಷಗಟ್ಟಲೆ ತಡೆಹಿಡಿಯುವುದು ಆ ಮನೆಯ ಅನ್ನಪಾನದ ನಿರೋಧ. ಸೂರ್ಯಾಸ್ತದ ಮೊದಲು ಊಟ ಮುಗಿಸುವ ಎಚ್ಚರಿಕೆ ರಾತ್ರಿ ಪಾಳಿಯ ಯಂತ್ರದ ಬೇಲಿಯ ಬಗ್ಗೆ ಇಲ್ಲದಿದ್ದರೆ ಆ ಎಚ್ಚರಿಕೆಯ ಅರ್ಥವೇನು?

ನ್ಯಾಯದ ದಾರಿ ತಿಳಿಯದುದಲ್ಲ. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ನೇತೃತ್ವದ ಸಂವಿಧಾನ ಪೀಠವು 1986ರ ಡಿಸೆಂಬರಿನಲ್ಲಿ ಒಂದು ತತ್ತ್ವವನ್ನು ಸ್ಥಾಪಿಸಿತು. ಅಪಾಯಕಾರಿ ಉದ್ಯಮದಿಂದ ಲಾಭ ಪಡೆಯುವವನು ಅದರ ಹಾನಿಯನ್ನು ಸಂಪೂರ್ಣವಾಗಿ ಹೊರಬೇಕು. ಉದ್ಯಮ ದೊಡ್ಡದಾದಷ್ಟೂ ಪರಿಹಾರ ಹೆಚ್ಚಬೇಕು. ಅನಿಲಕ್ಕೆ ಹೇಳಿದುದನ್ನು ಮನುಷ್ಯನಿಗೂ ಪೆಟ್ಟಿಗೆಗೂ ಭೇದವರಿಯದ ತೋಳಿಗೂ ಅನ್ವಯಿಸಬೇಕು. 1976ರಲ್ಲಿ ವರದಿಯಾದ ಇನ್ನೊಂದು ಪ್ರಕರಣದಲ್ಲಿ, ಮೊಣಕೈಯ ಮೇಲಿನವರೆಗೆ ಎಡಗೈ ಕಳೆದುಕೊಂಡ ಬಡಗಿಯು ಇನ್ನು ಬಡಗಿಯಾಗಿ ದುಡಿಯಲಾರನು, ಆದ್ದರಿಂದ ಅವನ ನಷ್ಟ ಪೂರ್ಣವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಪಟ್ಟಿಯ ಶೇಕಡಾವಾರಿಗಿಂತ ಮನುಷ್ಯನ ಕಸುಬು ದೊಡ್ಡದು ಎಂಬ ಈ ವಿವೇಕ ಎಲ್ಲ ಪ್ರಕರಣಗಳಲ್ಲಿ ಕಾಣಬೇಕು. ಯೂರೋಪಿನ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಉತ್ಪನ್ನ ಹೊಣೆಗಾರಿಕೆಯ ನಿರ್ದೇಶನವು ಗಣಕದ ತಂತ್ರಾಂಶವನ್ನೂ ಉತ್ಪನ್ನವೆಂದು ಪರಿಗಣಿಸಿ, ಸಾಕ್ಷ್ಯವನ್ನು ಬಹಿರಂಗಪಡಿಸುವಂತೆ ತಯಾರಕನಿಗೆ ಆಜ್ಞಾಪಿಸಲು ನ್ಯಾಯಾಲಯಕ್ಕೆ ಅವಕಾಶವಿತ್ತಿದೆ.

ಆದ್ದರಿಂದ ಆಗಬೇಕಾದುದು ಸ್ಪಷ್ಟ. ವೇತನದ ಮಿತಿ ತೊಲಗಬೇಕು. ನೋವು, ಭವಿಷ್ಯದ ಏಳಿಗೆ ಇವು ಗೇಟಿನ ಒಳಗೂ ಲೆಕ್ಕಕ್ಕೆ ಬರಬೇಕು. ಯಂತ್ರದ ದಾಖಲೆಯ ಪ್ರತಿ ಗಾಯಾಳುವಿಗೆ ಸಿಗಬೇಕು. ಮೊದಲು ಮಾಲೀಕನು ಪೂರ್ಣ ಮೊತ್ತವನ್ನು ಕೊಡಬೇಕು; ತಯಾರಕನ ಅಥವಾ ತಂತ್ರಾಂಶ ಬರೆದವನ ತಪ್ಪಿದ್ದರೆ ಅವರಿಂದ ವಸೂಲು ಮಾಡಿಕೊಳ್ಳುವ ಕೆಲಸ ಅವನದು. ಸಣ್ಣ ಉದ್ಯಮ ಇದರಿಂದ ಮುಳುಗುವುದೆಂಬ ಗೋಳಿಗೆ ಉತ್ತರ ಅದರ ಲೆಕ್ಕಪತ್ರದಲ್ಲೇ ಇದೆ. ಯಂತ್ರಕ್ಕೆ ಬೆಂಕಿ ತಗುಲಿದರೆ ವಿಮೆಯಿದೆ, ಯಂತ್ರ ಸವೆದರೆ ಸವಕಳಿಯನ್ನು ಲಾಭದಿಂದ ಕಳೆಯಲು ತೆರಿಗೆಯ ಕಾನೂನಿನಲ್ಲಿ ಅವಕಾಶವಿದೆ. ಮನುಷ್ಯನ ಸವಕಳಿಗೆ ಮಾತ್ರ ಖಾತೆ ತೆರೆಯಲು ಹಣವಿಲ್ಲವೆಂದರೆ ನಂಬುವವರಾರು?

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಕಾನೂನು ಕನಿಷ್ಠವನ್ನು ಹೇಳುತ್ತದೆ. ಹೆಚ್ಚು ಕೊಡುವುದನ್ನು ನಿಷೇಧಿಸುವುದಿಲ್ಲ. ಉದ್ಯಮ ನಡೆಸುವ ಕುಟುಂಬಗಳು ತಮ್ಮ ಕಾರ್ಮಿಕರಿಗೆ, ಗುತ್ತಿಗೆಯವರಿಗೂ ಸೇರಿಸಿ, ಪೂರ್ಣ ವೇತನದ ಮೇಲೆ ವಿಮೆ ಮಾಡಿಸಬಹುದು. ಬಸದಿಗಳ ಟ್ರಸ್ಟುಗಳು ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಳನ್ನು ಕೂಗುವ ದಾನಿಯನ್ನು, ‘ತಮ್ಮ ಕಾರ್ಖಾನೆಯ ಗಾಯಾಳುವಿನ ಬಾಕಿ ತೀರಿದೆಯೇ?’ ಎಂದು ಒಮ್ಮೆ ಕೇಳಬಹುದು. ಸಾಲ ತೀರಿಸದೆ ದಾನ ಮಾಡಬಾರದೆಂಬುದು ವರ್ತಕರ ಹಳೆಯ ನೀತಿ. ಕತ್ತರಿಸಿಹೋದ ಕೈಗೆ ಸಲ್ಲಬೇಕಾದ ಹಣ ಸಾಲ. ಅದು ತೀರದಿರುವಾಗ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸಿಕೊಳ್ಳುವುದನ್ನು ಯಾವ ಟ್ರಸ್ಟೂ ಒಪ್ಪಬಾರದು.