ಒಂದು ಸಾಲಿನ ವಿಶ್ವಾಸ



ನಮ್ಮ ಅನೇಕ ಮನೆಗಳ ಅಟ್ಟದ ಮೇಲೆ ಹಿರಿಯರು ಬಳಸಿ ಬಿಟ್ಟುಹೋದ ಕೊಳಗ, ಸೇರು, ಹಿತ್ತಾಳೆಯ ತಪ್ಪಲೆಗಳು ಇಂದಿಗೂ ಇವೆ. ಹಬ್ಬ ಬಂದಾಗ ಅವುಗಳನ್ನು ಕೆಳಗಿಳಿಸಿ, ಹುಣಿಸೆಹಣ್ಣು ಹಚ್ಚಿ ಬೆಳಗಿ, ಒರೆಸಿ, ಮತ್ತೆ ಮೇಲಿಡುತ್ತೇವೆ. ಅವುಗಳಿಂದ ಯಾರಿಗೂ ಕೇಡಿಲ್ಲ; ಇಟ್ಟುಕೊಳ್ಳಲು ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಆದರೆ ಹಿರಿಯರು ಬಿಟ್ಟುಹೋದ ವಸ್ತು ಒಂದು ಮೋಟಾರು ವಾಹನವಾಗಿದ್ದರೆ ಏನು ಮಾಡಬೇಕು? ಓಡಿಸದಿದ್ದರೆ ಅದು ತುಕ್ಕು ಹಿಡಿಯುತ್ತದೆ. ಓಡಿಸಿದರೆ ಪರರ ಮಕ್ಕಳು ನಡೆದಾಡುವ ರಸ್ತೆಗೆ ಇಳಿಯುತ್ತದೆ. ಹಳೆಯದರ ಮೇಲಿನ ಪ್ರೀತಿ ಮತ್ತು ಪರರ ಕ್ಷೇಮ, ಇವೆರಡನ್ನೂ ಒಟ್ಟಿಗೆ ಕಾಯುವ ಬಗೆ ಯಾವುದು? ಈ ಪ್ರಶ್ನೆಗೆ ಒಂದು ಉತ್ತರವನ್ನು ನಾನು ಕಂಡದ್ದು ದೂರದ ಆಸ್ಟ್ರೇಲಿಯಾದಲ್ಲಿ. ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

2024ರ ಜೂನ್ ತಿಂಗಳಲ್ಲಿ ನಾವು ದಂಪತಿಗಳು ಮೆಲ್ಬರ್ನ್ ನಗರದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನ ಮನೆಗೆ ಹೋಗಿದ್ದೆವು. ಅಲ್ಲಿ ಅದು ಚಳಿಗಾಲ. ಒಂದು ಬೆಳಿಗ್ಗೆ ಅಳಿಯ ಮನೆಯ ಪಕ್ಕದ ಷೆಡ್ಡಿನ ಬಾಗಿಲು ತೆಗೆದಾಗ ಒಳಗೆ ತಿಳಿನೀಲಿ ಬಣ್ಣದ ಹಳೆಯ ಕಾರೊಂದು ಕಂಡಿತು. ಅವನು ಕಾರಿನೊಳಗೆ ಕುಳಿತು, ಚಾವಿ ತಿರುಗಿಸುವ ಮೊದಲು ಒಂದು ಚಿಕ್ಕ ಪುಸ್ತಕವನ್ನು ತೆರೆದು, ಪೆನ್ನಿನಿಂದ ಏನೋ ಬರೆದು ಸಹಿ ಮಾಡಿದ.

“ಏನಪ್ಪಾ ಇದು? ಕಾರು ಹತ್ತಿದ ಮೇಲೆ ಲೆಕ್ಕ ಬರೆಯುತ್ತೀಯಲ್ಲ!” ಎಂದೆ.

“ಲೆಕ್ಕವಲ್ಲ ಮಾಮ, ಇದೇ ಈ ಕಾರಿನ ಇವತ್ತಿನ ನೋಂದಣಿ. ಈ ಸಾಲು ಬರೆಯದೆ ಗೇಟು ದಾಟಿ ದೂರ ಹೋದರೆ ನಾನು ನೋಂದಣಿ ಇಲ್ಲದ ಕಾರು ಓಡಿಸಿದಂತೆಯೇ,” ಎಂದ.

ಆ ಕಾರಿನ ಕಥೆಯನ್ನು ಅವನ ಬಾಯಿಂದ ಕೇಳಿದೆ. ಅದು ಹೋಲ್ಡನ್ ಕಂಪನಿಯ ‘ಇಎಚ್’ ಮಾದರಿ. ಅಂಬಾಸಿಡರ್ ನಮಗೆ ಹೇಗೋ ಹೋಲ್ಡನ್ ಅವರಿಗೆ ಹಾಗೆ. 1948ರ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿಯವರು ಮೆಲ್ಬರ್ನಿನ ಫಿಷರ್‌ಮನ್ಸ್ ಬೆಂಡ್ ಕಾರ್ಖಾನೆಯಲ್ಲಿ ಮೊದಲ ಹೋಲ್ಡನ್ ಕಾರನ್ನು ಜನತೆಗೆ ಪರಿಚಯಿಸಿದರು. 1963ರಲ್ಲಿ ಬಂದ ಇಎಚ್ ಮಾದರಿ ಸುಮಾರು ಒಂದೂವರೆ ವರ್ಷದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ತಯಾರಾಯಿತು. ನಮ್ಮ ಅಂಬಾಸಿಡರ್ 2014ರಲ್ಲಿ ನಿಂತುಹೋದಂತೆ, ಆಸ್ಟ್ರೇಲಿಯಾದಲ್ಲಿ ಹೋಲ್ಡನ್ ಕಾರುಗಳ ತಯಾರಿಕೆಯೂ 2017ರ ಅಕ್ಟೋಬರ್ 20ರಂದು ಕೊನೆಗೊಂಡಿತು. ಕಾರ್ಖಾನೆ ಮುಚ್ಚಿದ ಮೇಲೆ ಉಳಿದದ್ದು ಜನರ ಷೆಡ್ಡುಗಳಲ್ಲಿರುವ ಕಾರುಗಳು ಮಾತ್ರ. ಅವು ತುಕ್ಕು ಹಿಡಿದರೆ ಒಂದು ನಾಡಿನ ದುಡಿಮೆಯ ನೆನಪೇ ತುಕ್ಕು ಹಿಡಿದಂತೆ.

ಈ ಕಾರು ಪಕ್ಕದ ಮನೆಯ ವೃದ್ಧರದು. ಅವರ ತಂದೆ ಹೊಸದಾಗಿ ಕೊಂಡದ್ದಂತೆ. ಮದುವೆಯಾದ ದಿನ ಅವರು ಹೆಂಡತಿಯನ್ನು ಮನೆಗೆ ಕರೆತಂದದ್ದೂ ಇದರಲ್ಲೇ. ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ಬಿಟ್ಟ ಮೇಲೆ, ತಮ್ಮ ಕಾರಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕೆಲಸ ಕಲಿತ ನಮ್ಮ ಹುಡುಗನಿಗೆ ಅದನ್ನು ಅಲ್ಪ ಬೆಲೆಗೆ ಕೊಟ್ಟರು. “ನಿಲ್ಲಿಸಿಡಬೇಡ, ಓಡಿಸು, ಆದರೆ ಸರಿಯಾಗಿ ಓಡಿಸು” ಎಂಬುದೊಂದೇ ಅವರ ಷರತ್ತು.

ಓಡಿಸುವುದು ಸುಲಭವಾಗಿರಲಿಲ್ಲ. ವರ್ಷಕ್ಕೆ ಮೂವತ್ತು ನಲವತ್ತು ದಿನ ಮಾತ್ರ ಹೊರಬರುವ ಕಾರಿಗೆ ನಿತ್ಯ ಓಡುವ ಕಾರಿನಷ್ಟೇ ನೋಂದಣಿ ಶುಲ್ಕವನ್ನೂ ಅಪಘಾತ ಪರಿಹಾರದ ವಂತಿಗೆಯನ್ನೂ ಕಟ್ಟುವುದು ಸಾಮಾನ್ಯ ಸಂಸಾರಸ್ಥನಿಗೆ ಭಾರವೇ ಸರಿ. ಅದಕ್ಕಾಗಿ ವಿಕ್ಟೋರಿಯಾ ರಾಜ್ಯದಲ್ಲಿ ‘ಕ್ಲಬ್ ಪರವಾನಗಿ’ ಎಂಬ ರಿಯಾಯಿತಿ ಯೋಜನೆಯಿದೆ. ಲಾಗ್ ಪುಸ್ತಕದ ಇಂದಿನ ಪದ್ಧತಿ 2011ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದರ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ.

ಮೊದಲನೆಯದಾಗಿ, ವಾಹನ ತಯಾರಾಗಿ 25 ವರ್ಷ ಮೀರಿರಬೇಕು. ಎರಡನೆಯದಾಗಿ, ಮಾಲೀಕನು ವಿಕ್‌ರೋಡ್ಸ್ ಎಂಬ ಸಾರಿಗೆ ಸಂಸ್ಥೆಯಿಂದ ಮಾನ್ಯತೆ ಪಡೆದ ಹಳೆಯ ವಾಹನಗಳ ಕ್ಲಬ್ಬಿಗೆ ಚಂದಾ ಕಟ್ಟಿದ ಸದಸ್ಯನಾಗಿರಬೇಕು. ಮೂರನೆಯದಾಗಿ, ವಾಹನವು ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ ಬೇಕು. ಕ್ಲಬ್ಬಿನವರು ವಾಹನವನ್ನು ನೋಡಿ, ಛಾಯಾಚಿತ್ರಗಳನ್ನು ದಾಖಲೆಯಲ್ಲಿಟ್ಟು, ಅರ್ಜಿಗೆ ತಮ್ಮ ಸಹಿ ಹಾಕುತ್ತಾರೆ. ಆಮೇಲೆ ಒಂದು ವರ್ಷದ ಪರವಾನಗಿ, ವಿಶೇಷ ಸಂಖ್ಯಾಫಲಕ ಮತ್ತು ಆ ಪುಸ್ತಕ ದೊರೆಯುತ್ತವೆ. ಪುಸ್ತಕದಲ್ಲಿ 45 ಅಥವಾ 90 ದಿನಗಳ ಸಾಲುಗಳಿರುತ್ತವೆ. 45 ದಿನ ಸಾಲದಾದರೆ ಇನ್ನೊಂದು ಪುಸ್ತಕ ಪಡೆಯಬಹುದು. ಆದರೆ ವರ್ಷಕ್ಕೆ 90 ದಿನ ಮೀರುವಂತಿಲ್ಲ.

ರಸ್ತೆಗೆ ಹೊರಡುವ ಮೊದಲು ಆ ದಿನದ ಸಾಲನ್ನು ತುಂಬಬೇಕು. ಅದು ಅಂದಿನ ಮಧ್ಯರಾತ್ರಿಯವರೆಗೆ ನಡೆಯುತ್ತದೆ. ಮಧ್ಯರಾತ್ರಿ ದಾಟಿದರೆ ಮತ್ತೊಂದು ಸಾಲು. ಕಾರು ಇಡುವ ಸ್ಥಳದಿಂದ ನೂರು ಮೀಟರಿನೊಳಗೆ ಅತ್ತಿತ್ತ ಸರಿಸಲು ಮಾತ್ರ ಬರೆಯಬೇಕಿಲ್ಲ. ಬಾಡಿಗೆಗೆ ಓಡಿಸುವಂತಿಲ್ಲ. ಹಳೆಯ ಮಾಲೀಕನ ಪರವಾನಗಿ ಹೊಸಬನಿಗೆ ವರ್ಗವಾಗುವುದಿಲ್ಲ. ಹೊಸಬನು ಮೊದಲಿನಿಂದ ಎಲ್ಲವನ್ನೂ ಮಾಡಬೇಕು. ಉಳಿದ ರಾಜ್ಯಗಳಲ್ಲಿಯೂ ಇಂಥ ಯೋಜನೆಗಳಿವೆ; ನ್ಯೂ ಸೌತ್ ವೇಲ್ಸ್‌ನಲ್ಲಿ ವಾಹನಕ್ಕೆ 30 ವರ್ಷ ತುಂಬಿರಬೇಕು, ಕ್ಲಬ್ಬಿನ ಕಾರ್ಯಕ್ರಮಗಳಲ್ಲದೆ ಸ್ವಂತ ಓಡಾಟಕ್ಕೆ ವರ್ಷಕ್ಕೆ 60 ದಿನ.

ನಮ್ಮ ಹುಡುಗನೂ ಇವೆಲ್ಲವನ್ನೂ ಮಾಡಿದ. ಮೊದಲ ತಪಾಸಣೆಯಲ್ಲಿಯೇ ಕಾರು ಅನುತ್ತೀರ್ಣವಾಯಿತು. ಬ್ರೇಕಿನ ಎಣ್ಣೆ ಸೋರುತ್ತಿತ್ತು, ಸ್ಟೀರಿಂಗ್ ಸಡಿಲವಾಗಿತ್ತು, ಟೈರುಗಳು ಹೊರನೋಟಕ್ಕೆ ಚೆನ್ನಾಗಿದ್ದರೂ ಒಳಗೆ ಬಿರುಕುಬಿಟ್ಟಿದ್ದವು. ಮೂರು ತಿಂಗಳ ಶನಿವಾರ, ಭಾನುವಾರಗಳು ಅದಕ್ಕೇ ಹೋದವು. “ಆಗ ಸಿಟ್ಟು ಬಂದಿತ್ತು ಮಾಮ. ಈಗ ನೆನೆದರೆ, ಆ ಬ್ರೇಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದರೆ ಏನಾಗುತ್ತಿತ್ತೋ ಎಂದು ಎದೆ ನಡುಗುತ್ತದೆ” ಎಂದು ಅವನೇ ಹೇಳಿದ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಜುಲೈ ಎರಡನೆಯ ಭಾನುವಾರ ಆ ವೃದ್ಧರ ಪತ್ನಿಗೆ ಎಂಬತ್ತು ತುಂಬುವ ದಿನ. ಅವರನ್ನು ಆ ಕಾರಿನಲ್ಲಿಯೇ ಸಮುದ್ರದಂಡೆಗೆ ಕರೆದೊಯ್ಯಬೇಕೆಂದು ತಿಂಗಳಿನಿಂದ ಮಾತಾಗಿತ್ತು. ನನ್ನ ಅಕ್ಕನ ಸೊಸೆ ಬೆಳಗಿನ ಜಾವವೇ ಎದ್ದು ಹೋಳಿಗೆ ಮಾಡಿದ್ದಳು. ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಅಜ್ಜಿ ತಲೆಗೆ ರೇಷ್ಮೆ ವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಳಿಯ ಎಂದಿನಂತೆ ಪುಸ್ತಕ ತೆರೆದ. ಅದರೊಳಗೆ ಅವನೇ ಮಡಿಸಿಟ್ಟು ಮರೆತಿದ್ದ ಕ್ಲಬ್ಬಿನ ಪತ್ರವೊಂದು ಕೈಗೆ ಬಂತು. ಸದಸ್ಯತ್ವದ ಚಂದಾ ಜೂನ್ 30ಕ್ಕೆ ಮುಗಿದಿತ್ತು. ಕಟ್ಟುವುದನ್ನು ಅವನು ಮರೆತಿದ್ದ.

ಸರಕಾರದ ಪರವಾನಗಿಗೆ ಇನ್ನೂ ನಾಲ್ಕು ತಿಂಗಳ ಅವಧಿಯಿತ್ತು. ಪುಸ್ತಕದಲ್ಲಿ ಸಾಲುಗಳೂ ಇದ್ದವು. ಆದರೆ ಸದಸ್ಯತ್ವವಿಲ್ಲದಿದ್ದರೆ ಪರವಾನಗಿಗೆ ಬಲವಿಲ್ಲ. ಯೋಜನೆಯ ಬುಡವೇ ಅದು. ಭಾನುವಾರ ಕ್ಲಬ್ಬಿನ ಕಚೇರಿ ತೆರೆದಿರಲಿಲ್ಲ.

ಒಪ್ಪಿಕೊಳ್ಳುತ್ತೇನೆ, ಆಗ ತಪ್ಪು ಮಾತನಾಡಿದವನು ನಾನೇ. “ಎರಡು ವಾರದ ವಿಷಯ. ಯಾರು ನೋಡುತ್ತಾರೆ? ನಾಳೆ ಕಟ್ಟಿದರಾಯಿತು. ಪಾಪ, ಆ ತಾಯಿ ಸಿಂಗರಿಸಿಕೊಂಡು ನಿಂತಿದ್ದಾರೆ” ಎಂದೆ. ಅಳಿಯ ಮಾತನಾಡಲಿಲ್ಲ. ಕನ್ನಡ ಬಾರದ ಆ ವೃದ್ಧರು ನಮ್ಮ ಮುಖಗಳನ್ನು ನೋಡಿಯೇ ಏನೋ ತೊಡಕೆಂದು ತಿಳಿದು ಕೇಳಿದರು. ಅಳಿಯ ಪತ್ರವನ್ನು ತೋರಿಸಿದ. ಅವರು ಅದನ್ನು ಕಣ್ಣಿನ ಬಳಿಗೆ ಹಿಡಿದು ಓದಿ, ನಿಧಾನವಾಗಿ ಹೇಳಿದ ಮಾತಿನ ಸಾರ ಇಷ್ಟು: “ನಿನ್ನನ್ನು ನಂಬಿ ಕ್ಲಬ್ಬಿನವರು ಸಹಿ ಹಾಕಿದ್ದಾರೆ. ಅವರನ್ನು ನಂಬಿ ಸರಕಾರ ಶುಲ್ಕ ಇಳಿಸಿದೆ. ಇಂದು ನೀನು ಬರೆಯುವ ಸಾಲು ಸುಳ್ಳಾದರೆ ಮೊದಲು ಮೋಸ ಹೋಗುವವರು ಪೊಲೀಸರಲ್ಲ, ನಿನಗೆ ಸಹಿ ಹಾಕಿದವರು.” ಅಜ್ಜಿ ನಗುತ್ತಾ ತಲೆಯ ವಸ್ತ್ರ ಸರಿಪಡಿಸಿಕೊಂಡು, ಮನೆಯ ಮುಂದಿದ್ದ ನಿತ್ಯದ ಕಾರಿನ ಕಡೆಗೆ ನಡೆದರು. ಹೋಳಿಗೆಯ ಡಬ್ಬಿಯೂ ಅದಕ್ಕೇ ಏರಿತು. ಸಮುದ್ರ ಅಂದೂ ಅಲ್ಲಿಯೇ ಇತ್ತು. ಚಂದಾ ಕಟ್ಟಿ, ರಸೀದಿ ಬಂದು, ಮುಂದಿನ ಭಾನುವಾರ ಹಳೆಯ ಕಾರಿನಲ್ಲಿ ಮತ್ತೊಮ್ಮೆ ಹೋದೆವು. ಅಂದು ಆ ವೃದ್ಧ ದಂಪತಿಗಳು ದಾರಿಯುದ್ದಕ್ಕೂ ಪರಸ್ಪರ ಕೈ ಹಿಡಿದೇ ಕುಳಿತಿದ್ದರು.

ಬಂಧುಗಳೇ, ರಿಯಾಯಿತಿ ಎಂದೊಡನೆ ನಮ್ಮ ಮನಸ್ಸು ಉಳಿಯುವ ಹಣದ ಕಡೆಗೆ ಓಡುತ್ತದೆ. ಆದರೆ ಪ್ರತಿಯೊಂದು ರಿಯಾಯಿತಿಯ ಹಿಂದೆಯೂ ಯಾರೋ ನಮ್ಮ ಮೇಲಿಟ್ಟ ವಿಶ್ವಾಸವಿದೆ. ಸಾವಿರಾರು ಷೆಡ್ಡುಗಳ ಮುಂದೆ ಪೊಲೀಸರನ್ನು ನಿಲ್ಲಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಆದುದರಿಂದ ಅದು ಕಾವಲಿನ ಕೆಲಸವನ್ನು ಮಾಲೀಕನ ಕೈಯಲ್ಲಿಯೇ ಇಟ್ಟಿದೆ. ಕೆಲವರು ಬರೆಯದೆ ಓಡಿಸಿ ವರ್ಷಕ್ಕೆ 90ರ ಬದಲು 200 ದಿನ ತಿರುಗಿದರೆ, ಒಂದು ದಿನ ಯೋಜನೆಯೇ ರದ್ದಾದೀತು. ಆಗ ಪ್ರಾಮಾಣಿಕವಾಗಿ ನಡೆದವನ ಕಾರೂ ಷೆಡ್ಡಿನಲ್ಲಿಯೇ ಉಳಿದೀತು. ಒಬ್ಬನ ಸುಳ್ಳು ಸಾಲಿಗೆ ಅನೇಕರು ದಂಡ ತೆರಬೇಕಾಗುತ್ತದೆ.

ಇದನ್ನು ಬರೆಯುವ ಹಕ್ಕು ನನಗೆ ಪೂರ್ತಿಯಾಗಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಊರಿನ ಮನೆಯ ಕೊಟ್ಟಿಗೆಯಲ್ಲಿ ನನ್ನ ತಂದೆಯವರು 1967ರಲ್ಲಿ ಕೊಂಡ ಜಾವಾ ಮೋಟಾರು ಸೈಕಲ್ಲಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆದು, ನಮ್ಮ ನಾಡಿನ ಕೈಗಳು ಕಟ್ಟಿದ ಗಾಡಿಗಳನ್ನು ದೇಶಕ್ಕೆಲ್ಲ ಕಳುಹಿಸಿದ್ದು ಹಿರಿಯರಿಗೆ ನೆನಪಿರಬಹುದು. ಆ ಗಾಡಿಯ ನೋಂದಣಿಯ ಅವಧಿ ಎಂದೋ ಮುಗಿದಿದ್ದರೂ, “ನಮ್ಮೂರಲ್ಲಿ ಯಾರು ಕೇಳುತ್ತಾರೆ” ಎಂದು ಊರಿಗೆ ಹೋದಾಗಲೆಲ್ಲ ಸಂತೆಯವರೆಗೆ ಓಡಿಸುತ್ತಿದ್ದೆ. ಮೆಲ್ಬರ್ನಿನಲ್ಲಿ ನಾನಾಡಿದ ಮಾತು ಆ ಅಭ್ಯಾಸದ್ದೇ ಮಾತು.

ನಮ್ಮ ದೇಶದಲ್ಲಿಯೂ 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಹಳೆಯ ವಾಹನಗಳಿಗೆಂದೇ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದಿರುವ, ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ‘ವಿಂಟೇಜ್’ ಎಂದು ನೋಂದಣಿಗೆ ಅರ್ಹವಾಗಿವೆ. ವಿಮೆಯ ಪತ್ರ, ಹಳೆಯ ನೋಂದಣಿ ಪುಸ್ತಕಗಳೊಡನೆ ‘ಪರಿವಾಹನ್’ ತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ಗೊತ್ತುಪಡಿಸಿದ್ದಾರೆ. ಅವಧಿ 10 ವರ್ಷ. ಹಿಂದೆಯೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಇಲ್ಲಿ ಕ್ಲಬ್ಬಿನ ಸಹಿಯಿಲ್ಲ, ದಿನದ ಸಾಲುಗಳೂ ಇಲ್ಲ. ಆದರೆ ಕಟ್ಟು ಇನ್ನೂ ಬಿಗಿಯಾದುದು: ಪ್ರದರ್ಶನ, ತಾಂತ್ರಿಕ ಸಂಶೋಧನೆ, ಹಳೆಯ ವಾಹನಗಳ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗಷ್ಟೇ ರಸ್ತೆಗಿಳಿಸಬೇಕು. ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಅಂದರೆ ಪ್ರಮಾಣಪತ್ರ ಬಂದ ಮೇಲೂ ನನ್ನ ಸಂತೆಯ ಸವಾರಿ ನಿಂತಂತೆಯೇ. ನಿತ್ಯ ಬಳಸಲೇಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು. ಶುಲ್ಕ, ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿಗೆ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ಊರಿಗೆ ಮರಳಿದ ಮೇಲೆ ತಂದೆಯವರ ಪೆಟ್ಟಿಗೆಯನ್ನು ತೆಗೆದು ಹುಡುಕಿದೆ. ಹಳದಿಯಾದ ಕಾಗದಗಳ ನಡುವೆ ಆ ಗಾಡಿಯ ನೋಂದಣಿ ಪುಸ್ತಕ ಸಿಕ್ಕಿತು. ಪ್ರತಿ ವರ್ಷ ತೆರಿಗೆ ಕಟ್ಟಿದ ರಸೀದಿಗಳನ್ನೂ ಅವರು ದಾರದಿಂದ ಪೋಣಿಸಿ ಇಟ್ಟಿದ್ದರು. ಒಂದು ವರ್ಷದ್ದೂ ತಪ್ಪಿರಲಿಲ್ಲ. ಗಾಡಿಯನ್ನು ಉಳಿಸಿಕೊಂಡ ನಾನು, ಅದನ್ನು ಓಡಿಸುತ್ತಿದ್ದ ರೀತಿಯನ್ನು ಉಳಿಸಿಕೊಂಡಿರಲಿಲ್ಲವಲ್ಲ ಎಂದು ಮನಸ್ಸು ನೊಂದಿತು. ಆ ಕಾಗದಗಳನ್ನು ಅರ್ಜಿಗೆಂದು ಜೋಡಿಸಿಟ್ಟಿದ್ದೇನೆ. ಪ್ರಮಾಣಪತ್ರ ಕೈಸೇರುವವರೆಗೆ ಜಾವಾ ಕೊಟ್ಟಿಗೆಯಲ್ಲಿಯೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಅಂಗಳದೊಳಗೇ ಚಾಲೂ ಮಾಡಿ, ಒರೆಸಿ ನಿಲ್ಲಿಸುತ್ತೇನೆ. ಮೊಮ್ಮಗ ಪಕ್ಕದಲ್ಲಿ ನಿಂತು, “ತಾತಾ, ರಸ್ತೆಗೆ ಯಾಕೆ ಒಯ್ಯುವುದಿಲ್ಲ?” ಎಂದು ಕೇಳುತ್ತಾನೆ. ಈಗ ಅವನಿಗೆ ನಿಜವಾದ ಉತ್ತರವನ್ನೇ ಹೇಳುತ್ತೇನೆ.

ನಿಮ್ಮ ಮನೆಯ ಷೆಡ್ಡಿನಲ್ಲಿಯೂ ಇಂಥದೊಂದು ಗಾಡಿಯಿದ್ದರೆ, ಮೊದಲು ಅದರ ಕಾಗದಗಳನ್ನು ಹುಡುಕಿರಿ. ಆಮೇಲೆ ಬಣ್ಣ ಬಳಿಯಿರಿ.